ಅಪ್ಪನ ಹಳೇ ಲೇತು

ಅಪ್ಪಾ,

ಟೈಪ್ ಮಾಡೋಕೆ ಕೈ ಬರ್ತಿಲ್ಲ, ಫೋನಿಗೆ ಮಾತಾಡಿ ಕಳಿಸ್ತಿದ್ದೀನಿ. ಪೂರ್ತಿ ಕೇಳು.

ಮೊಂಟಾನಾಗೆ ಕೆಲಸಕ್ಕೆ ಬಂದ್ಮೇಲೆ ರಜಾದಿನ ಕಳೆಯೋದೇ ಕಷ್ಟ. ಬೇಟೆ ಬಂದೂಕಿಗೆ ನಳಿಕೆ ಕೂರಿಸೋಣ ಅಂತ ಲೋಹ ಕಡೆಯೋ ಲೇತ್ ಯಂತ್ರ ಕೊಳ್ಳೋಕೆ ಹೋಗಿದ್ದೆ. ಫಳಫಳ ಹೊಳೆಯೋ ಹೊಸದರ ಮುಂದೆ ನಿಂತಿದ್ದಕ್ಕೆ ಮಾರೋ ಮುದುಕಿ ಬೈದ್ಲು: "ಹೊಳಪು ನೋಡಿ ತಗೊಳ್ಳೋಕೆ ಇದೇನು ಕುದುರೆ ಜೀನಾ? ಅದರ ನಡುವಿನ ತೂತಲ್ಲಿ ನಳಿಕೆ ತೂರುತ್ತಾ ನೋಡೋ, ಪೆದ್ದಾ!"

ತೂರಲಿಲ್ಲ. ಪಕ್ಕದ ಹಳೇದ್ರಲ್ಲಿ ಸಲೀಸಾಗಿ ತೂರ್ತು. ಅದು ನಿನ್ನ ಲೇತಿನ ಥರದ್ದೇ. ಅದು ತಿರುಗಿದ್ದೇ ತಡ, ನೀನು ಬೆನ್ನ ಹಿಂದೆ ನಿಂತು ಕೇಳ್ದಂಗಾಯ್ತು: "ಗುಂಡು ಸರಿ ಕೂರುತ್ತಾ ಅಂತ ಅಳತೆ ಗೇಜ್ ಇಟ್ಟು ನೋಡಿದ್ಯೇನೋ, ಡಾರಿನ್?"

ಅವತ್ತು ನಿನ್ನ ಲೇತಲ್ಲಿ ನಾನು ಬಂದೂಕಿಗೆ ನಳಿಕೆ ಕೂರಿಸಿದಾಗ ನೀನು ಹೀಗೇ ಕೇಳಿದ್ದಕ್ಕೆ "ನೋಡ್ದೆ" ಅಂದಿದ್ದೆ. ನೋಡಿರ್ಲಿಲ್ಲ ಅಪ್ಪಾ. ಬೇಟೆಗೆ ಹೊರಡೋ ಆತುರ. ಆ ಬಂದೂಕೇ ಸಿಡಿದು ಕ್ಲೇಟನ್ ಅಣ್ಣನ ಬಲಗಣ್ಣು ಹೋಗಿದ್ದು. ನೀನು "ಲೇತ್ ಸವೆದಿತ್ತು, ತಪ್ಪು ನಂದೇ" ಅಂತ ಹೇಳ್ಕೊಂಡು ಅದನ್ನ ಗುಜರಿಗೆ ಹಾಕ್ತೀಯಂತೆ.

ಹಾಕ್ಬೇಡ. ಇಲ್ಲಿ ನಾನೇನೂ ಕೊಳ್ಳಲಿಲ್ಲ. ಶನಿವಾರದ ಬಸ್ಸಿಗೆ ಊರಿಗೆ ಬರ್ತೀನಿ. ಅಣ್ಣಂಗೆ ನೀನು ಹೇಳ್ಬೇಡ, ನಾನೇ ಹೇಳ್ತೀನಿ, ಅವನ ಎಡಗಡೆ ಕೂತು, ನನ್ನ ಮುಖ ಅವನಿಗೆ ಕಾಣೋ ಹಾಗೆ.

ನಿನ್ನ ಮಗ,
ಡಾರಿನ್