ಒರಳು ಬಿಡುವ ತನಕ

೧೧-೫-೮೬, ಶಿವನಿ
ಮತ್ತೆ ಅದೇ. ಬೆಂಗಳೂರಿನಿಂದ ತಂದ ಪ್ರಿಂಟ್‌ಔಟ್ ನಡುಮನೆ ತುಂಬ ಹಾಸಿಕೊಂಡು ಕೂತೆ. ಒಂದು ಕಂಪ್ಯೂಟರ್, ಮೂರು ಕೆಲಸ, ಒಂದೊಂದಕ್ಕೂ ಗಡುವು. ಎಲ್ಲಕ್ಕಿಂತ ಅರ್ಜೆಂಟಾದ ಕೆಲಸವೇ ತಡವಾಗುತ್ತಿದೆ! ಮೆಷಿನ್ ಸುಮ್ಮನೆ ಕೂತಿಲ್ಲ, ಲೆಕ್ಕ ತಪ್ಪಿಲ್ಲ... ಯಾಕೆ? ಪ್ರೊಫೆಸರ್ ಕಾಗದ ಬರೆದಿದ್ದಾರೆ — ಜೂನ್ ಹತ್ತರೊಳಗೆ ಕಾರಣ ಹೇಳಿ, ಇಲ್ಲವೇ ನಾಲ್ಕನೇ ಅಧ್ಯಾಯ ಬಿಡಿ. ಅದನ್ನು ಬಿಟ್ಟರೆ ಥೀಸಿಸ್‌ನಲ್ಲಿ ಉಳಿಯುವುದು ರಟ್ಟು ಮಾತ್ರ.

ಹಾಳೆಗಳನ್ನು ದಾಟಿಕೊಂಡು ನೀಲ ಹೋದಳು. ನನ್ನ ತಂಗಿಗೂ ಗಡುವಿದೆ. ಕಡೂರಿನವರು ಅವಳನ್ನು ಒಪ್ಪಿ ಆರು ತಿಂಗಳಾಯಿತು. ಆಷಾಢದೊಳಗೆ ಮದುವೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತಾರಂತೆ. ಅಕ್ಕ ಇನ್ನೂ ಕೂತಿರುವಾಗ ತಂಗಿಯದು ಮಾಡುವುದು ಹೇಗೆ ಎಂದು ಅಪ್ಪ.

೧೪-೫
ತರೀಕೆರೆಯಿಂದ ಸೋದರತ್ತೆ ತೀರ್ಥಮ್ಮ ಬಂದಿದ್ದರು. ನನಗೊಂದು ಗಂಡು ನೋಡಿದ್ದಾರೆ. ಅಡಿಕೆ ಮಂಡಿಯವರು.

"ನನ್ನ ಓದು?" ಅಂದೆ.

"ಇನ್ನೆಷ್ಟು ಓದ್ತೀಯೇ ಮಲ್ಲಿ, ಇಪ್ಪತ್ತೆಂಟಾಯ್ತು. ಅವ್ರಿಗೆ ಬೇಡ್ವಂತೆ ಕಣೇ."

ಸಿಟ್ಟು ಬಂತು. ನೀಲಳ ಮುಖ ನೋಡಿ ಇಳಿಯಿತು.

೨೧-೫, ತರೀಕೆರೆ
ಅತ್ತೆಯ ಹೊಸ ಮನೆಯ ಗೃಹಪ್ರವೇಶ. ನನ್ನಿಂದ ಊಟ ಒಂದೂವರೆ ಗಂಟೆ ತಡ. ಮನೆಗೆ ಇರುವುದು ಒಂದೇ ಒರಳು. ಕೆಲಸದ ಹುಚ್ಚಮ್ಮ ನಾಳೆಯ ದೋಸೆಗೆ ರುಬ್ಬುತ್ತಿದ್ದಳು — ಅವಸರವಿಲ್ಲದ ಕೆಲಸ. ಅಡುಗೆಯ ಪಂಚಾಕ್ಷರಪ್ಪ ಸಾರಿನ ಮಸಾಲೆ ಇಟ್ಟುಕೊಂಡು ಅದೇ ಒರಳಿಗೆ ಕಾಯುತ್ತಿದ್ದರು. ಗೊತ್ತಿಲ್ಲದೆ ಹುಚ್ಚಮ್ಮನನ್ನು ಹೂ ಕಟ್ಟಲು ಎಬ್ಬಿಸಿದವಳು ನಾನು. ಆಮೇಲೆ ಯಾರೋ ಎಲೆ ಒರೆಸಲು ಕರೆದರು, ಇನ್ಯಾರೋ ಕಾಯಿ ತುರಿಯಲು. ಒರಳಲ್ಲಿ ಅರ್ಧ ಹಿಟ್ಟು ಹಾಗೇ. ಸಾರಿಗೆ ಮಸಾಲೆ ಇಲ್ಲ.

ಪಂಚಾಕ್ಷರಪ್ಪ ಸೌಟು ಹಿಡಿದೇ ಹೊರಗೆ ಬಂದರು. "ಯಾರ್ರೀ ಆವಮ್ಮನ್ನ ಎಬ್ಸಿದ್ದು? ಒರಳು ಬಿಡೋಗಂಟ ಆವಮ್ಮನ ಕೆಲ್ಸಾನೇ ನನ್ ಕೆಲ್ಸ ಕಣ್ರೀ! ಯಾರೂ ಕರೀಬ್ಯಾಡಿ!"

ಬೈಸಿಕೊಳ್ಳುತ್ತಲೇ ನಗು ಬಂತು. ನನ್ನ ಮೆಷಿನ್‌ನಲ್ಲೂ ಹೀಗೇ! ಅರ್ಜೆಂಟ್ ಕೆಲಸಕ್ಕೆ ಬೇಕಾದ್ದನ್ನು ಸಣ್ಣ ಕೆಲಸವೊಂದು ಹಿಡಿದುಕೊಂಡಿದೆ. ನಡುವಿನ ಕೆಲಸ ನುಗ್ಗಿ ಅದನ್ನು ಮುಗಿಸಲು ಬಿಡುತ್ತಿಲ್ಲ. ಕಾಯುವವರ ಅವಸರವನ್ನೇ ಹಿಡಿದವರಿಗೆ ಕೊಟ್ಟುಬಿಟ್ಟರೆ...

೨೪-೫, ಶಿವನಿ
ಬರೆದು ಮುಗಿಸಿದೆ. ಎಲ್ಲ ಗಡುವೂ ಸರಿಹೋಗುತ್ತದೆ. ಪೋಸ್ಟ್ ಮಾಡಿದೆ. ಖುಷಿಯಾಗಬೇಕು, ಆಗುತ್ತಿಲ್ಲ. ಅಪ್ಪ ಮಾಡುತ್ತಿರುವುದೂ ಇದನ್ನೇ ಅಲ್ಲವೇ? ನೀಲಳ ದಾರಿಗೆ ಅಡ್ಡ ಕೂತವಳು ನಾನು. ಅವಳ ಅವಸರವನ್ನು ನನಗೆ ಕೊಟ್ಟಿದ್ದಾರೆ, ಬೇಗ ಮುಗಿಸು ಎಂದು. ಕಾಗದದ ಮೇಲೆ ನಾನೇ ಸರಿ ಎಂದದ್ದು ನನ್ನ ಬುಡಕ್ಕೆ ಬಂದರೆ ತಪ್ಪಾಗುವುದು ಹೇಗೆ? ತಲೆ ಕೆಟ್ಟಿದೆ.

೫-೬
ಪ್ರೊಫೆಸರ್ ತಂತಿ ಕೊಟ್ಟಿದ್ದಾರೆ. ಒಪ್ಪಿಗೆ! ಒಂಬತ್ತನೇ ತಾರೀಕು ಬೆಂಗಳೂರಿನಲ್ಲಿ ಮೆಷಿನ್ ಮೇಲೆ ನಡೆಸಿ ತೋರಿಸಬೇಕು. ತರೀಕೆರೆಯ ಗಂಡಿನವರು ಬರುವುದೂ ಒಂಬತ್ತಕ್ಕೇ.

"ನೀಲಂದೇ ಮೊದ್ಲು ಮಾಡಿ ಅಪ್ಪಾ. ನಾನೇ ಹೇಳ್ತಿದೀನಲ್ಲ."

"ನಿನ್ನಲ್ಲೇ ಏನೋ ಐಬಿದೆ ಅಂತಾರೆ ಕಣವ್ವ ಜನ. ಅದನ್ನ ಕೇಳ್ಕೊಂಡು ನಾನು ಹೆಂಗಿರ್ಲಿ?"

ಅಪ್ಪನಿಗೆ ಭಯ. ನನಗೂ ಭಯವೇ.

೮-೬, ಬೆಳಿಗ್ಗೆ, ಸ್ಟೇಷನ್
ಅಪ್ಪ ತೋಟಕ್ಕೆ ಹೋದ ಮೇಲೆ ಹೊರಟೆ. ಬ್ಯಾಗು ತುಂಬಿಕೊಟ್ಟವಳು ನೀಲ. "ಕಡೂರ್ನೋರು ಕಾದ್ರೆ ಕಾಯ್ಲಿ, ಬಿಟ್ರೆ ಬಿಡ್ಲಿ. ನೀನು ಹೋಗಕ್ಕ" ಎಂದಳು, ಅತ್ತುಕೊಂಡೇ. ಮಾಡಿದ್ದು ಸರಿಯೋ... ಅವಳ ಬಾಳಿಗೂ ಕಲ್ಲು ಹಾಕಿದೆನೋ.

ಬ್ಯಾಗು ಬಿಚ್ಚಿದರೆ ಪ್ರಿಂಟ್‌ಔಟ್ ಇಲ್ಲ! ನಡುಮನೆಯಲ್ಲೇ ಉಳಿದಿದೆ. ಅದಿಲ್ಲದೆ ತೋರಿಸುವುದೇನು? ಗಾಡಿಗೆ ಗಂಟೆ ಹೊಡೆದರು. ವಾಪಸು ಹೋಗಲೇ? ಹೋದರೆ ಮತ್ತೆ ಹೊರಡಲಾರೆ.

ಅಪ್ಪ! ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ. ಕರೆದುಕೊಂಡು ಹೋಗಲು ಬಂದರು, ಮುಗಿಯಿತು.

ಕಂಕುಳಲ್ಲಿ ಏನೋ ಇದೆ... ಪ್ರಿಂಟ್‌ಔಟ್. ಹಾಳೆಯ ತುದಿ ನೆಲಕ್ಕೆ ಎಳೆಯುತ್ತಿದೆ. ಇನ್ನೊಂದು ಕೈಯಲ್ಲಿ ರೊಟ್ಟಿ ಬುತ್ತಿ. ವಾಪಸು ಕರೆಯಲು ಬಂದವರು ಬುತ್ತಿ ಕಟ್ಟಿಸಿಕೊಂಡು ಬರುತ್ತಾರೆಯೇ? ಗಾಡಿ ಬಂತು. ಓಡಿ ಬರುತ್ತಿದ್ದಾರೆ, ಏನೋ ಕೂಗು—