ಭೂರಿ ಝೀಲಿನ ದಡಕ್ಕೆ ಬಂದವರು ಸೊನ್ನೆ

ವಿಹಾರ ತಾಣಗಳ ಮಾನ್ಯ ನಿರ್ದೇಶಕರೇ,

ನಾನು ಇಲ್ಲ. ಇದು ವೇದಾಂತವಲ್ಲ, ನಿಮ್ಮ ಕಚೇರಿಯ ಲಿಖಿತ ಉತ್ತರ. ಮಾಹಿತಿ ಹಕ್ಕಿನಲ್ಲಿ ನಾನು ಕೇಳಿದ ಪ್ರಶ್ನೆಗೆ ಕಳೆದ ಫೆಬ್ರುವರಿಯಲ್ಲಿ ಬಂದ ಕಾಗದದಲ್ಲಿ ಹೀಗಿದೆ: 'ಕಳೆದ ಐದು ಚಳಿಗಾಲಗಳಲ್ಲಿ ಭೂರಿ ಝೀಲಿನ ದಡದಲ್ಲಿ ಟೆಂಟು ಹಾಕಿದ ಸಾರ್ವಜನಿಕರು: ಸೊನ್ನೆ. ಸಾರ್ವಜನಿಕ ಬೇಡಿಕೆ: ಇಲ್ಲ.' ಈ ಎರಡು ಸಾಲುಗಳ ಬಲದ ಮೇಲೆ, ಮಾನೇಸರ್ ದಾಟಿದ ಮೇಲೆ ಅರಾವಳಿ ಗುಡ್ಡಗಳ ನಡುವೆ ಸಿಗುವ ಆ ಕೆರೆಯ ದಡವನ್ನು, ಅಂದರೆ ನಮ್ಮೆಲ್ಲರ ಜಮೀನನ್ನು, ಮೂವತ್ತು ವರ್ಷಗಳ ಮಟ್ಟಿಗೆ ಒಂದು ಖಾಸಗಿ ರೆಸಾರ್ಟಿಗೆ ಗುತ್ತಿಗೆ ಕೊಡಲು ಹೊರಟಿದ್ದೀರಿ. ಆಕ್ಷೇಪಣೆ ಸಲ್ಲಿಸಲು ಜೂನ್ ಹದಿನಾರು ಕೊನೆಯ ದಿನ. ಐದು ವರ್ಷ ಯಾರಿಗೂ ಅನುಮತಿ ಕೊಡದೆ ಕೂತು, ಆಮೇಲೆ ಯಾರೂ ಬರಲಿಲ್ಲವೆಂದು ಬರೆದುಕೊಳ್ಳುವುದಕ್ಕೆ ಅಸಾಧಾರಣ ಪ್ರತಿಭೆ ಬೇಕು. ಊಟದ ಮನೆಗೆ ಬೀಗ ಜಡಿದು, ಈ ಊರಲ್ಲಿ ಯಾರಿಗೂ ಹಸಿವಿಲ್ಲವೆಂದು ವರದಿ ಕಳಿಸುವ ಕೆಲಸ ಇದು.

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದಾಯಿತು. ತಾವು ಕನ್ನಡದವರು. ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದು, ಪೇಟ ತೊಟ್ಟು, 'ದೆಹಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ನಿಸರ್ಗದ ಮಡಿಲಿಗೆ ಮರಳಬೇಕು' ಎಂದು ನಲವತ್ತು ನಿಮಿಷ ಅಪ್ಪಣೆ ಕೊಡಿಸಿದ್ದೀರಿ. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಆ ಹೊತ್ತಿಗೆ ನಿಸರ್ಗದ ಮಡಿಲಿಗೆ ಮರಳಲು ನಾವು ಹಾಕಿದ ಐದನೆಯ ಅರ್ಜಿ ನಿಮ್ಮ ಮೇಜಿನ ಮೇಲೇ ಇತ್ತು.

ನಾವು ಅಂದರೆ ಲೋಧಿ ಕಾಲೋನಿಯ ಸರ್ಕಾರಿ ಫ್ಲಾಟುಗಳ ಮಕ್ಕಳು. ನಮ್ಮ ಬ್ಲಾಕಿನ ಕೆಳಮನೆಯಲ್ಲಿ ಚಂದ್ರಮೋಹನ ಅಂಕಲ್ ಎಂಬ ಅಂಡರ್ ಸೆಕ್ರೆಟರಿ ಇದ್ದಾರೆ. ಇಪ್ಪತ್ತು ವರ್ಷ, ಪ್ರತಿ ಡಿಸೆಂಬರಿನಲ್ಲಿ, ಎಂಟು ತುಂಬಿದ ಮಕ್ಕಳನ್ನೆಲ್ಲ ಬಾಡಿಗೆ ವ್ಯಾನಿಗೆ ತುಂಬಿ ಭೂರಿ ಝೀಲಿಗೆ ಒಯ್ದವರು. ಅಲ್ಲಿನ ಚೌಕಿದಾರನಿಗೆ ಒಂದು ಮಾತು ಹೇಳಿದರೆ ಸಾಕಿತ್ತು, ಫಾರಂ ಇರಲಿಲ್ಲ. ನಾನು ಗಂಟು ಹಾಕಲು ಕಲಿತದ್ದು, ಗೂಟ ಹೊಡೆಯಲು ಕಲಿತದ್ದು, ನನ್ನ ತಟ್ಟೆ ನಾನೇ ತೊಳೆಯಲು ಕಲಿತದ್ದು ಅಲ್ಲಿ. ಬೆಳಿಗ್ಗೆ ಟೆಂಟಿನ ಬಾಗಿಲು ಎತ್ತಿದರೆ ನೀರಿನ ಮೇಲೆ ಮಂಜು, ಮಂಜಿನೊಳಗೆ ಎಲ್ಲಿಂದಲೋ ಬಂದ ಬಾತುಗಳ ಗಲಾಟೆ. ಅಡಿಗೆಗೆಂದು ಜೊತೆಗೆ ಬರುತ್ತಿದ್ದ ನೆರೆಮನೆಯ ಸೀತಮ್ಮ ಆಂಟಿ ಕುಕ್ಕರಿನಲ್ಲಿ ಬಿಸಿಬೇಳೆ ಭಾತ್ ಇಟ್ಟರೆ ಮೂರನೇ ವಿಶಲ್ಲಿಗೆ ಗುಡ್ಡದ ಮೇಲಿನ ಮುಸಿಯ ಕೋತಿಗಳು ಇಳಿದು ಬರುತ್ತಿದ್ದವು. ಅಪ್ಪ ಅಮ್ಮ ಇಬ್ಬರೂ ಗುಮಾಸ್ತರಾಗಿದ್ದ ಮನೆಯ ಹುಡುಗನಿಗೆ ಇಡೀ ವರ್ಷಕ್ಕೆ ಸಿಗುತ್ತಿದ್ದ ಬಯಲು ಅಷ್ಟು.

ನನ್ನ ತಂಗಿ ಅಪೂರ್ವಳಿಗೆ ಎಂಟು ತುಂಬಿದ ವರ್ಷ, ಸರಿಯಾಗಿ ಅದೇ ಚಳಿಗಾಲಕ್ಕೆ, ತಾವು ಅನುಮತಿ ಪದ್ಧತಿಯನ್ನು ಜಾರಿಗೆ ತಂದಿರಿ. ಮೊದಲ ವರ್ಷ ಅನುಮತಿ ಕಡ್ಡಾಯವಾಗಿತ್ತು, ಆದರೆ ಅರ್ಜಿ ಫಾರಂ ಇನ್ನೂ ಅಚ್ಚಾಗಿರಲಿಲ್ಲ, ಬಿಳಿ ಹಾಳೆಯಲ್ಲಿ ಬರೆದುಕೊಟ್ಟದ್ದು ಹಾಗೇ ವಾಪಸು ಬಂತು. ಎರಡನೆಯ ವರ್ಷ ಟೆಂಟಿನ ಬಣ್ಣ ನಮೂದಿಸಿಲ್ಲವೆಂದು ಅರ್ಜಿ ವಾಪಸು ಬಂತು. ಬಣ್ಣ ಬರೆದೆವು: ಖಾಕಿ, ಒಂದು ಕಡೆ ಸಾರಿನ ಕಲೆ. ಮೂರನೆಯ ವರ್ಷ ಟೆಂಟಿನ ನಕ್ಷೆ ಬೇಕೆಂದಿರಿ, ಅದಕ್ಕೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕೆಂದಿರಿ.

ಗೆಜೆಟೆಡ್ ಅಧಿಕಾರಿ ನಮ್ಮ ಕೆಳಮನೆಯಲ್ಲೇ ಇರುವಾಗ ಏನು ಕಷ್ಟ ಎಂದು ತಾವು ಕೇಳಬಹುದು. ಕಷ್ಟ ಇದೆ. ಚಂದ್ರಮೋಹನ ಅಂಕಲ್ ಮೂಲವನ್ನು ನೋಡದೆ ಯಾವ ನಕಲಿಗೂ ಸಹಿ ಹಾಕುವವರಲ್ಲ. ಸ್ವಂತ ಮಗನ ಅಂಕಪಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರು. ನಾನು ನಕ್ಷೆ ಮುಂದಿಟ್ಟರೆ ಕನ್ನಡಕ ಹಾಕಿಕೊಂಡು, "ಮೂಲ ಎಲ್ಲಪ್ಪಾ?" ಅಂದರು.

"ಅಂಕಲ್, ಟೆಂಟು ನಿಮ್ಮದೇ. ನಿಮ್ಮ ಮಂಚದ ಕೆಳಗೇ ಇದೆ."

"ಇದ್ರೆ ತೆಗಿ. ಹಾಕು. ಅಳೀತೀನಿ."

ಹೀಗಾಗಿ ಆ ಭಾನುವಾರ ಕಾಲೋನಿಯ ಪಾರ್ಕಿನಲ್ಲಿ ಟೆಂಟು ಎದ್ದಿತು. ಅಂಕಲ್ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದು, ನಕ್ಷೆಯಲ್ಲಿ ಎರಡು ಇಂಚು ತಪ್ಪಿದೆಯೆಂದು ಹೊಸದಾಗಿ ಬರೆಸಿ, ಹಸಿರು ಶಾಯಿಯಲ್ಲಿ ಸಹಿ ಮಾಡಿ ಮೊಹರು ಒತ್ತಿದರು. ಅಪೂರ್ವ ಒಳಗೆ ಹೋಗಿ ಕೂತವಳು ಹೊರಗೆ ಬರಲೇ ಇಲ್ಲ. "ಭಯ್ಯಾ, ಬಸ್ ಯಹೀಂ ಝೀಲ್ ಬನಾ ದೋ," ಅಂದಳು. ಇಲ್ಲೇ ಕೆರೆ ಮಾಡಿಬಿಡು ಅಂತ. ಕನ್ನಡದಲ್ಲಿ ಬೈದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸ್ವಾಮಿ, ಅವಳಿಗೆ ಈಗ ಹನ್ನೆರಡು. ಇವತ್ತಿಗೂ ಅವಳು ಟೆಂಟಿನಲ್ಲಿ ಕೂತದ್ದು ಆ ಒಂದು ಭಾನುವಾರ, ನಿಮ್ಮ ನಕ್ಷೆಯ ಕೃಪೆಯಿಂದ.

ನಾಲ್ಕನೆಯ ವರ್ಷ ಎಲ್ಲ ಸರಿಯಿತ್ತು. ಆದ್ದರಿಂದ ತಾವು ಅರ್ಜಿಯನ್ನು ಏಪ್ರಿಲ್‌ವರೆಗೆ ಪರಿಶೀಲಿಸಿದಿರಿ. ಫೆಬ್ರುವರಿಗೆ ಶಿಬಿರದ ಕಾಲ ಮುಗಿಯುತ್ತದೆ. 'ಕಾಲಾವಧಿ ಮೀರಿದ್ದರಿಂದ ಅರ್ಜಿ ನಿಷ್ಪ್ರಯೋಜಕ' ಎಂದು ಬಂತು. ಐದನೆಯದಕ್ಕೆ, ಅಂದರೆ ತಾವು ಪೇಟ ತೊಟ್ಟ ವರ್ಷದ್ದಕ್ಕೆ, 'ಗುತ್ತಿಗೆ ಪ್ರಸ್ತಾಪ ಪರಿಶೀಲನೆಯಲ್ಲಿದೆ' ಎಂಬ ಉತ್ತರ. ರೆಸಾರ್ಟಿನವರ ಬಣ್ಣದ ಕರಪತ್ರ ನೋಡಿದ್ದೇನೆ. ಅವರ ಟೆಂಟುಗಳಿಗೆ ಏಸಿ ಇದೆ, ಗೀಸರ್ ಇದೆ, ಗೋಡೆಯ ಮೇಲೆ ಟಿವಿ ಇದೆ. ಬಣ್ಣ ಯಾವುದೆಂದು ಅವರನ್ನು ಕೇಳಿದಿರಾ? ನಕ್ಷೆಗೆ ಯಾರು ಹಸಿರು ಶಾಯಿ ಹಾಕಿದರು? ಟಿವಿ ನೋಡಲು ಗುಡ್ಡ ಹತ್ತುವವರ ಬೇಡಿಕೆ ನಿಮಗೆ ಇಲ್ಲಿಂದಲೇ ಕೇಳಿಸುತ್ತದೆ, ನಮ್ಮದು ಐದು ಅರ್ಜಿ ಬಂದರೂ ಕೇಳಿಸುವುದಿಲ್ಲ ಅಂದರೆ ತೊಂದರೆ ಕಿವಿಯದ್ದಲ್ಲ ಬಿಡಿ.

ಸೊನ್ನೆ ಎಂಬ ಉತ್ತರ ಬಂದ ದಿನ ನಾನು ಮುಖರ್ಜಿ ನಗರದ ಐಎಎಸ್ ಕೋಚಿಂಗ್ ಕ್ಲಾಸಿನಲ್ಲಿ ಆಡಳಿತದಲ್ಲಿ ದಾಖಲೆಯ ಮಹತ್ವ ಎಂಬ ಪಾಠ ಕೇಳುತ್ತಿದ್ದೆ. ದಾಖಲೆಯಲ್ಲಿ ಇಲ್ಲದ್ದು ಇಲ್ಲ, ಇರುವುದು ಇದೆ ಎಂದು ಮೇಷ್ಟ್ರು ಹೇಳಿದರು. ನಮ್ಮದೂ ಒಂದು ದಾಖಲೆ ಇರಲಿ ಎನಿಸಿತು, ಅದೂ ನಿಮ್ಮದೇ ಸಹಿಯೊಂದಿಗೆ.

ತಮ್ಮ ಕಚೇರಿಗೆ ಬರುವ ಯಾರಾದರೂ ಗೇಟಿನಲ್ಲಿ ಪಾಸು ಮಾಡಿಸಬೇಕು. ಹೆಸರು, ಯಾರನ್ನು ಕಾಣಬೇಕು, ಉದ್ದೇಶ ಏನು ಎಂದು ಗಾರ್ಡ್ ಬರೆದುಕೊಡುತ್ತಾನೆ. ಕಂಡ ಅಧಿಕಾರಿ ಅದರ ಮೇಲೆ ಸಹಿ ಮಾಡಿದರೆ ಮಾತ್ರ ವಾಪಸು ಹೊರಗೆ ಬಿಡುತ್ತಾರೆ. ಮಾರ್ಚ್ ಮೂರರಂದು ನಾನು ಹೆಗಲಿಗೆ ಟೆಂಟಿನ ಚೀಲ ಹಾಕಿಕೊಂಡು ಬಂದೆ.

"ಕಿಸ್ ಕಾಮ್ ಸೇ?" ಅಂದ ಗಾರ್ಡ್, ಏನು ಕೆಲಸ ಅಂತ.

"ಕ್ಯಾಂಪಿಂಗ್, ಭಯ್ಯಾ."

ಅವನು ಚೀಲ ನೋಡಿದ, ನನ್ನನ್ನು ನೋಡಿದ. "ಅಚ್ಛಾ," ಎಂದು ಬರೆದ. ನಾನು ನಿಮ್ಮ ಮುಂದೆ ನಿಂತು ಭೂರಿ ಝೀಲಿಗೆ ಅನುಮತಿ ಬೇಕೆಂದೆ. ತಾವು ಫೋನಿನಲ್ಲಿದ್ದಿರಿ. ಎಡಗೈ ಬೀಸಿ ಇಲ್ಲವೆಂದಿರಿ, ಬಲಗೈಯಲ್ಲಿ ಪಾಸಿಗೆ ಸಹಿ ಹಾಕಿದಿರಿ. ಕ್ಯಾಂಟೀನಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದರ ಪ್ರತಿ ತೆಗೆದು, ಮೂಲವನ್ನು ಗೇಟಿನಲ್ಲಿ ಒಪ್ಪಿಸಿ ಮನೆಗೆ ಹೋದೆ. ಮರುದಿನ ನನ್ನ ಗೆಳೆಯ ಕಾರ್ತಿಕ್ ಬಂದ. ಮಾನೇಸರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಹೆಲ್ಮೆಟ್ಟನ್ನೂ ತೆಗೆಯದೆ. ಆಮೇಲೆ ಕಾಲೋನಿಯ ಪ್ರತಿ ಮನೆಯಿಂದ ಒಬ್ಬೊಬ್ಬರು. ಯಾರೂ ಸುಳ್ಳು ಹೇಳಲಿಲ್ಲ, ಕೇಳಿದ್ದೆಲ್ಲ ನಿಜವಾದ ಅನುಮತಿಯನ್ನೇ. ರೇಷ್ಮೆ ಸೀರೆ ಉಟ್ಟುಕೊಂಡು ಬಂದು, "ಸಾರ್, ಕೆರೆ ದಡದಲ್ಲಿ ಟೆಂಟು ಹಾಕ್ಬೇಕಿತ್ತು, ಮಕ್ಕಳು ಕೇಳ್ತಿವೆ," ಎಂದ ಹೆಂಗಸು ನೆನಪಿದ್ದಾರೆಯೇ? ಅವರು ಸೀತಮ್ಮ ಆಂಟಿ. ತಾವು ತಲೆ ಎತ್ತದೆ, "ಮುಂದಿನ ವಾರ ಬನ್ನಿ ಅಮ್ಮಾ," ಅಂದು ಸಹಿ ಹಾಕಿದಿರಿ. ಅವರು ಮುಂದಿನ ವಾರ ಬಂದರು. ಮತ್ತೆ ಸಹಿ ಹಾಕಿದಿರಿ.

ಮೇ ತಿಂಗಳ ಕೊನೆಗೆ ಮೂವತ್ತಾರು ಪಾಸುಗಳಾಗಿದ್ದವು. ಅವುಗಳ ನಕಲನ್ನು ಆಕ್ಷೇಪಣೆಯ ಜೊತೆ ಲಗತ್ತಿಸಬೇಕಾದರೆ ದೃಢೀಕರಣ ಬೇಕೆಂದು ತಮ್ಮದೇ ಪ್ರಕಟಣೆ ಹೇಳುತ್ತದೆ. ಚಂದ್ರಮೋಹನ ಅಂಕಲ್ ಇನ್ನೆರಡು ದಿನ ಕಳೆದರೆ ನಿವೃತ್ತರಾಗುವವರಿದ್ದರು, ಮೊಹರು ವಾಪಸು ಕೊಡಬೇಕಿತ್ತು. ನಕಲುಗಳನ್ನು ಮುಂದಿಟ್ಟೆ. ಅವರು ಕೇಳಿದ್ದು ತಮಗೂ ಗೊತ್ತಾಗಿರಬೇಕು: "ಮೂಲ ಎಲ್ಲಪ್ಪಾ?"

ಮೂಲ ನಿಮ್ಮ ಗೇಟಿನಲ್ಲಿತ್ತು, ಗಾರ್ಡ್ ಕೋಣೆಯ ಒಂದು ಕಂಬಿಗೆ ಚುಚ್ಚಿಕೊಂಡು. ಮೇ ಇಪ್ಪತ್ತೊಂಬತ್ತರ ಗುರುವಾರ ಅಂಕಲ್ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಬಂದರು. ಗೇಟಿನೊಳಗೆ ಕಾಲಿಡಬೇಕಾದರೆ ಅವರಿಗೂ ಪಾಸು ಬೇಕು. ಉದ್ದೇಶ ಏನೆಂದು ಗಾರ್ಡ್ ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ ನಿಂತರು. ಮೂವತ್ತೈದು ವರ್ಷ ಒಂದೂ ಸುಳ್ಳು ಕಾಲಂ ತುಂಬದ ಮನುಷ್ಯ.

"ಅಂಕಲ್, ಏನಾದ್ರೂ ಹೇಳಿ," ಅಂದೆ.

"ತಡಿಯೋ. ನಾನು ಕ್ಯಾಂಪಿಂಗ್‌ಗೆ ಬಂದಿದ್ದೀನಾ ಅಂತ ಯೋಚ್ನೆ ಮಾಡ್ತಿದ್ದೀನಿ." ಆಮೇಲೆ ಗಾರ್ಡಿಗೆ ಬರೆದುಕೊಳ್ಳಲು ಹೇಳಿದರು, "ಕ್ಯಾಂಪಿಂಗ್ ಲಿಖೋ." ನನ್ನ ಕಡೆ ತಿರುಗಿ, "ಹೋಗ್ಬೇಕು ಅಂತ ಇದೆಯಲ್ಲ. ಐದು ವರ್ಷದಿಂದ ಇದೆ," ಅಂದರು.

ಅವರೂ ನಿಮ್ಮ ಮುಂದೆ ನಿಂತು ಅನುಮತಿ ಕೇಳಿದರು. ರಾಜ್ಯೋತ್ಸವದಲ್ಲಿ ನಿಮಗೆ ಹಾರ ಹಾಕಿದವರು ಅವರೇ. ತಾವು ಮುಖ ನೋಡಲಿಲ್ಲ, ಸಹಿ ಹಾಕಿದಿರಿ. ಅದರ ನಕಲನ್ನೂ ತೆಗೆಸಿಕೊಂಡು ಬಂದು, ಗಾರ್ಡಿನ ಸ್ಟೂಲಿನ ಮೇಲೆ ಕೂತು, ಕಂಬಿಯಿಂದ ಒಂದೊಂದೇ ಪಾಸು ಬಿಡಿಸಿ, ನಕಲಿನ ಪಕ್ಕ ಇಟ್ಟು, ತಾರೀಕು ಸಮೇತ ಹೋಲಿಸಿ, ಹಸಿರು ಶಾಯಿಯಲ್ಲಿ ಮೂವತ್ತಾರು ಸಲ ಸಹಿ ಮಾಡಿದರು. ಗಾರ್ಡ್ ಎರಡು ಸಲ ನೀರು ಕೊಟ್ಟ. ಹಾಗಿರುವಾಗ ತಮ್ಮ ಸಹಿಯೂ ಸಹಿ, ಅವರದೂ ಸಹಿ ಎನ್ನಲು ನನಗೆ ನಾಲಿಗೆ ಏಳುತ್ತಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಬೇಡಿಕೆ ಇಲ್ಲ ಎಂದು ಬರೆದಲ್ಲಿ ಅದನ್ನು ಹೊಡೆದುಹಾಕಿ ಮೂವತ್ತೇಳು ಎಂದು ಬರೆಯಿರಿ. ಗುತ್ತಿಗೆಯ ಪಟ್ಟಿಯಿಂದ ಭೂರಿ ಝೀಲಿನ ದಡವನ್ನು ತೆಗೆಯಿರಿ. ಬರುವ ಡಿಸೆಂಬರಿಗೆ ಲೋಧಿ ಕಾಲೋನಿಯ ಹದಿನೆಂಟು ಮಕ್ಕಳಿಗೆ, ಒಬ್ಬ ನಿವೃತ್ತ ಅಧಿಕಾರಿಗೆ ಎರಡು ರಾತ್ರಿಗಳ ಅನುಮತಿ ಕೊಡಿ. ಟೆಂಟು ಖಾಕಿ, ಸಾರಿನ ಕಲೆ ಹಾಗೇ ಇದೆ.

ಇನ್ನೊಂದು ಸಣ್ಣ ಕೆಲಸವೂ ಉಳಿದಿದೆ. ಮೂವತ್ತೇಳನೆಯ ನಕಲು ಚಂದ್ರಮೋಹನ ಅಂಕಲ್ ಅವರ ಸ್ವಂತದ್ದು. "ನನ್ನದಕ್ಕೆ ನಾನೇ ಮಾಡೋ ಹಾಗಿಲ್ಲಪ್ಪಾ," ಎಂದು ಅದನ್ನು ಖಾಲಿ ಬಿಟ್ಟರು. ಮರುದಿನ ಸಂಜೆ ಅವರಿಗೆ ಹಾರ ಹಾಕಿ ಬೀಳ್ಕೊಟ್ಟರು. ಆ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ತಾವೂ ಗೆಜೆಟೆಡ್ ಅಧಿಕಾರಿ, ಮೂಲದ ಮೇಲೆ ಇರುವುದು ತಮ್ಮದೇ ಸಹಿ. ದಯವಿಟ್ಟು ಗೇಟಿನವರೆಗೆ ಇಳಿದು ಬಂದು, ಕಂಬಿಯಿಂದ ಆ ಚೀಟಿ ಬಿಡಿಸಿ, ಈ ಸಲ ಓದಿ, ದೃಢೀಕರಿಸಿ ಕೊಡಿ.

ಇಂತಿ,
ತಮ್ಮಂಥ ಕುರ್ಚಿ ಏರಿಸುವ ಪರೀಕ್ಷೆಯನ್ನು ಎರಡು ಸಲ ಬರೆದು ಎರಡು ಸಲವೂ ಫೇಲಾದ, ತಮ್ಮ ಕಡತದ ಪ್ರಕಾರ ಇನ್ನೂ ಇಲ್ಲದಿರುವ,
ತಿಪ್ಪೇಸ್ವಾಮಿ
ಲೋಧಿ ಕಾಲೋನಿ, ಜೂನ್ 2, 2008