ಪರದೆ ಬಟ್ಟೆಯ ಅಂಗಿ

ಮಾರ್ಚ್ 3, ಸೋಮವಾರ

ಗಂಜಿ ಎಂಟು ಚಮಚ. ಒಂಬತ್ತನೆಯದು ತಮ್ಮನ ಗದ್ದದ ಮೇಲೆ. ಒರೆಸಿ, ಗಡ್ಡ ಹೆರೆದು, ಬಟ್ಟೆ ಬದಲಿಸುವಷ್ಟರಲ್ಲಿ ಎಂಟೂವರೆ. ಕ್ಲಿನಿಕ್ಕಿಗೆ ಇವತ್ತೂ ಲೇಟು. ಹಲ್ಲಿನ ಡಾಕ್ಟರ ರಿಸೆಪ್ಷನ್ನಿನಲ್ಲಿ ಕೂತು ಬಂದವರಿಗೆಲ್ಲ ಹಲ್ಲು ಕಿರಿಯುವ ಕೆಲಸ ನನ್ನದು.

ಅವನು ಸ್ಟ್ರೋಕ್ ಆಗಿ ಬಿದ್ದು ಇವತ್ತಿಗೆ ನಾಲ್ಕು ತಿಂಗಳು. ಮಾತಿಲ್ಲ. ಕಣ್ಣು ತೆರೆದೇ ಇರುತ್ತದೆ, ಒಳಗೆ ಯಾರಿದ್ದಾರೋ ಗೊತ್ತಿಲ್ಲ. "ಹಳೇ ಫೋಟೋ ತೋರಿಸಿ ನೋಡಿ ಮೇಡಂ, ಏನಾದ್ರೂ ಆಗ್ಬಹುದು" ಅಂದಳು ಫಿಸಿಯೋದವಳು. ಏನಾಗುತ್ತೆ, ಮಣ್ಣು.

ಮಾರ್ಚ್ 6, ಸಂಜೆ

ನಕ್ಕ!

ಆಲ್ಬಮ್ ಬಿಚ್ಚಿದ್ದೆ. ಅಪ್ಪ ಯಾವುದೋ ಅಂಗಡಿ ಮುಚ್ಚುವಾಗ ಒಂದಿಡೀ ಥಾನು ಬಟ್ಟೆ ತಂದಿದ್ದರು — ಕಿತ್ತಳೆ ಬಣ್ಣ, ಮೇಲೆ ತಟ್ಟೆಯಗಲದ ಕಂದು ಹೂವು. ಅಮ್ಮ ಅದರಲ್ಲೇ ಮನೆಗೆಲ್ಲ ಪರದೆ, ನನಗೆ ಫ್ರಾಕು, ಇವನಿಗೆ ಅಂಗಿ, ಉಳಿದ ಚೂರಿನಲ್ಲಿ ಅಪ್ಪನಿಗೊಂದು ಟೈ ಹೊಲಿದಳು. ಅಂಗಿ ಮೊಣಕಾಲಿಗೆ ಬರುತ್ತಿತ್ತು. "ಬೆಳೆಯೋ ಹುಡುಗ, ದೊಡ್ಡದೇ ಇರ್ಲಿ" ಅಂದಿದ್ದಳು. ಫೋಟೋದಲ್ಲಿ ಪರದೆಯ ಮುಂದೆಯೇ ನಿಂತಿದ್ದಾನೆ. ಮೈಯೇ ಇಲ್ಲ, ಪರದೆಗೆ ತಲೆ ಮೊಳೆತ ಹಾಗೆ!

"ನಿನ್ನ ಮೈ ಎಲ್ಲಿದೆ ಹುಡುಕೋ" ಅಂದೆ. ಗಂಟಲಲ್ಲಿ ಗೊರಗೊರ. ಹೆದರಿದೆ. ಆಮೇಲೆ ಬಾಯಿ ಅಗಲವಾಯಿತು. ಮೈಯೆಲ್ಲ ಕುಲುಕಿ ನಕ್ಕ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ... ಎಷ್ಟು ದಿನವಾಗಿತ್ತು.

ಇದ್ದಾನೆ. ಒಳಗೇ ಇದ್ದಾನೆ.

ಮಾರ್ಚ್ 9, ಭಾನುವಾರ

ಅವನ ಮಗಳು ಬಂದಿದ್ದಳು. ತಾಯಿಯಿಲ್ಲದ ಕೂಸು, ನಾನೇ ಸಾಕಿದ್ದು. ಬೇರೆ ಊರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಮೂರೇ ತಿಂಗಳು. ಫೋಟೋ ಹಿಡಿದು, "ಅಪ್ಪಾ, ಇದೇನು ಅವತಾರ!" ಅಂದಳು. ನಕ್ಕ. ಅವನೆದೆಗೆ ತಲೆಯಿಟ್ಟು ಅತ್ತುಬಿಟ್ಟಳು.

"ಅಪ್ಪ ವಾಪಸ್ ಬರ್ತಿದ್ದಾರೆ ಅತ್ತೆ. ಕೆಲಸ ಬಿಟ್ಟು ಬಂದ್ಬಿಡ್ತೀನಿ. ನಾನು ಜೊತೆಗಿದ್ರೆ ಬೇಗ ಎದ್ದೇಳ್ತಾರೆ."

ಬೇಡ ಅನ್ನಬೇಕಿತ್ತು.

ಮಾರ್ಚ್ 14

ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದೆ. ಹಸಿ ಗಾಯ. ನೋಯಲೇಬೇಕು.

ನಕ್ಕ. ಅದೇ ನಗು.

ಮಾರ್ಚ್ 15

ನರದ ಡಾಕ್ಟರಿಗೆ ಇವನು ನಗುವ ವಿಡಿಯೋ ತೋರಿಸಿದೆ. ಪೂರ್ತಿ ನೋಡಲೂ ಇಲ್ಲ.

"ಇದು ನಗು ಅಲ್ಲಮ್ಮ. ಮೆದುಳಿನ ಹಿಡಿತ ತಪ್ಪಿದೆ, ಅಷ್ಟೆ. ನೋವಾದ್ರೂ ಹೀಗೇ ಬರುತ್ತೆ."

"ಫೋಟೋ ನೋಡಿ..."

"ಏನು ನೋಡಿದ್ರೂ."

"ನಾವು ಆಡೋ ಮಾತು ಅರ್ಥ ಆಗುತ್ತಾ ಸರ್?"

"ಇಲ್ಲ ಅಂತ್ಲೇ ಅಂದ್ಕೊಳ್ಳಿ."

ಮಾತ್ರೆ ಬರೆದುಕೊಟ್ಟರು. ನಗು ನಿಲ್ಲಿಸುವ ಮಾತ್ರೆ! ಚೀಟಿ ಮಡಚಿ ಪರ್ಸಿಗೆ ಹಾಕಿದೆ.

ಮಾರ್ಚ್ 27

ಏನಂತ ಬರೆಯುವುದು. ಮೈ ಒರೆಸಿದರೆ ನಗು. ಚಮಚ ಬಿದ್ದರೆ ನಗು. ನಿನ್ನೆ ನಾನು ಅಳುತ್ತಿದ್ದೆ — ಅದಕ್ಕೂ. "ಮುಚ್ಚೋ ಬಾಯಿ" ಅಂತ ಕಿರುಚಿದೆ. ಕೈ ಎತ್ತಿದೆ. ಹೊಡೆಯಲಿಲ್ಲ. ಎತ್ತಿದ್ದಂತೂ ಹೌದು.

ಅವನ ಮಗಳ ಮೆಸೇಜು. ನಾಳೆ ರಾಜೀನಾಮೆ ಕೊಡುತ್ತಾಳಂತೆ.

ಮಾರ್ಚ್ 28, ಬೆಳಗ್ಗೆ 7.30

ಡಾಕ್ಟರು ಅಂದದ್ದನ್ನು ಅವಳಿಗೆ ಹೇಳಿಬಿಟ್ಟೆ. ಅವನ ಮಂಚದ ಅಂಚಿನಲ್ಲೇ ಕೂತು, ಫೋನಿನಲ್ಲಿ.

"ನನ್ನ ನೋಡಿ ನಕ್ಕಿದ್ದು?"

"ಅದೂ ಕಾಯಿಲೇನೇ ಕಣೇ."

"ಗುರುತು ಹಿಡಿದ್ರು ಅತ್ತೆ, ನಾನೇ ನೋಡಿದೀನಿ —"

"ಅಲ್ಲಿ ನಿಮ್ಮಪ್ಪ ಇಲ್ಲ ಮಗೂ. ಖಾಲಿ ಮನೆ. ನಿನ್ನ ಬದುಕು ನೋಡ್ಕೋ. ಬರಬೇಡ."

"ಸರಿ" ಅಂದಳು. ಇಟ್ಟಳು.

ಗಂಜಿ ಬಟ್ಟಲು ಎತ್ತಿಕೊಂಡು ತಿರುಗಿದೆ. ಇವನ ಮುಖ ಗೋಡೆ ಕಡೆ. ಬಿದ್ದಾಗಿನಿಂದ ತಾನಾಗಿ ಕುತ್ತಿಗೆ ತಿರುಗಿಸಿದವನಲ್ಲ. ನಗುತ್ತಿಲ್ಲ. ಕರೆದೆ. ಗದ್ದ ಹಿಡಿದು ಈ ಕಡೆ ತಿರುಗಿಸಿದೆ. ಕೈಬಿಟ್ಟ ಕೂಡಲೇ ಮತ್ತೆ ಗೋಡೆಗೆ.

ಅಷ್ಟೂ ಕೇಳಿಸಿಕೊಂಡಿದ್ದಾನೆ.

ಅವಳಿಗೆ ಫೋನ್ ಮಾಡಬೇಕು. ಮಾಡಿದರೆ ಎಲ್ಲ ಬಿಟ್ಟು ಓಡಿ ಬರುತ್ತಾಳೆ. ಮಾಡದಿದ್ದರೆ ಇವನು ಹೀಗೇ ಗೋಡೆ ನೋಡಿಕೊಂಡು...